ಹೊಟ್ಟು ಹೀರುವ ಯಂತ್ರದ ಗದ್ದಲ: ಮನೆ ವರ್ಕ್‌ಶಾಪಿನವರ ಪ್ರಶ್ನೆಗಳು

ಈ ಕಂತಿಗೆ ಕೊಡಗಿನ ಪತ್ರಗಳನ್ನೇ ಆಯ್ದುಕೊಂಡಿದ್ದೇವೆ. ಎಲ್ಲರ ದೂರೂ ಹೆಚ್ಚುಕಡಿಮೆ ಒಂದೇ. ಮರಗೆಲಸಕ್ಕೆಂದು ತಂದ ಡಸ್ಟ್ ಕಲೆಕ್ಟರ್ ಹೊಟ್ಟನ್ನು ಚೆನ್ನಾಗಿ ಹೀರುತ್ತದೆ, ಅದರ ಸದ್ದು ಮಾತ್ರ ಮನೆಯವರಿಗೂ ನೆರೆಯವರಿಗೂ ತಡೆಯಲಾಗುತ್ತಿಲ್ಲ. ಉತ್ತರಗಳಿಗೆ ಮೊದಲು ಒಂದು ಎಚ್ಚರಿಕೆ: ಸದ್ದು ಅಡಗಿಸುವ ಭರದಲ್ಲಿ ಗಾಳಿಯ ದಾರಿ ಕಟ್ಟಿಬಿಟ್ಟರೆ ಹೊಟ್ಟು ಪೈಪಿಗೆ ಹೋಗುವ ಬದಲು ನಿಮ್ಮ ಎದೆಗೆ ಹೋಗುತ್ತದೆ. ಮರದ ಹೊಟ್ಟನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬೀಟೆ, ತೇಗದ ಪುಡಿಗೆ ಚರ್ಮ ಕೆರೆಯುವುದು, ಉಬ್ಬಸ ಬರುವುದು ಬಡಗಿಗಳಿಗೆ ಗೊತ್ತಿರುವ ಸಂಗತಿ. ಆದ್ದರಿಂದ ‘ಸದ್ದು ಜಾಸ್ತಿ, ಸಣ್ಣ ಕೆಲಸಕ್ಕೆ ಆನ್ ಮಾಡುವುದೇ ಬೇಡ’ ಎಂಬ ದಾರಿಯನ್ನು ನಾವು ಯಾರಿಗೂ ಹೇಳುವುದಿಲ್ಲ.

ಪ್ರಶ್ನೆ: ಮನೆ ಪಕ್ಕದಲ್ಲಿ 12×14 ಅಡಿಯ ಶೆಡ್ ಇದೆ. ಇಟ್ಟಿಗೆ ಗೋಡೆ, ತಗಡಿನ ಮಾಡು. ಎರಡು ಚೀಲದ 2 ಎಚ್‌ಪಿ ಡಸ್ಟ್ ಕಲೆಕ್ಟರ್ ಇಟ್ಟಿದ್ದೇನೆ. 30 ಅಡಿ ಆಚೆಯ ಮನೆಯವರಿಗೆ ಟಿ.ವಿ. ಕೇಳಿಸುವುದಿಲ್ಲವಂತೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ, ಥರ್ಮೊಕೋಲ್ ಹೊಡೆಯಿರಿ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ಸರಿ?
—ಸುಂಟಿಕೊಪ್ಪ

ಉತ್ತರ: ಎರಡೂ ಬೇಡ. ಸದ್ದನ್ನು ಆಚೆ ಹೋಗದಂತೆ ತಡೆಯುವುದು ತೂಕ. ಮೊಟ್ಟೆ ಟ್ರೇಗೂ ಥರ್ಮೊಕೋಲಿಗೂ ಅದು ಇಲ್ಲ. ರಟ್ಟಿನ ಟ್ರೇ ಶೆಡ್ಡಿನೊಳಗಿನ ಮೊಳಗನ್ನು ತುಸು ತಗ್ಗಿಸೀತು, ಪಕ್ಕದ ಮನೆಗೆ ಹೋಗುವ ಸದ್ದಿಗೆ ಅದು ಸೊಳ್ಳೆ ಪರದೆ ಕಟ್ಟಿದಷ್ಟೇ ಅಡ್ಡಿ. ಅದರ ಗುಳಿಗಳಲ್ಲಿ ಹೊಟ್ಟು ಕೂರುತ್ತದೆ, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ.

ನಿಮ್ಮ ಇಟ್ಟಿಗೆ ಗೋಡೆಗೆ ತೂಕ ಬೇಕಾದಷ್ಟಿದೆ. ಸೂರಿನ ಕಡೆ ತಲೆಯೆತ್ತಿ ನೋಡಿ. ತಗಡಿನ ಶೆಡ್ಡುಗಳಲ್ಲಿ ಗೋಡೆಯ ತಲೆಗೂ ತಗಡಿಗೂ ನಡುವೆ ಸಾಮಾನ್ಯವಾಗಿ ಮೂರು-ನಾಲ್ಕು ಇಂಚು ಸಂದು ಬಿಟ್ಟಿರುತ್ತಾರೆ. 14 ಅಡಿ ಉದ್ದಕ್ಕೆ 4 ಇಂಚು ಸಂದೆಂದರೆ 0.43 ಚದರ ಮೀಟರ್. ಗೋಡೆ 9 ಅಡಿ ಎತ್ತರವಿದ್ದರೆ ಅದು ಆ ಬದಿಯ ಶೇ 3.7ರಷ್ಟಾಯಿತು. ಇಷ್ಟು ತೆರಪಿದ್ದರೆ ಗೋಡೆಯನ್ನು ಕಲ್ಲಿನಲ್ಲೇ ಕಟ್ಟಿದರೂ ಆ ಬದಿಯಲ್ಲಿ ಸಿಗುವ ತಡೆ 14 ಡೆಸಿಬೆಲ್ (ಸದ್ದನ್ನು ಅಳೆಯುವ ಮಾನ) ದಾಟದು. ಬರೀ ಶೇ 1ರಷ್ಟು ತೂತಿದ್ದರೂ ಮಿತಿ 20 ಡೆಸಿಬೆಲ್. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ನೆರೆಮನೆಯ ಕಡೆಯ ಸೂರಿನ ಸಂದನ್ನು ಮೊದಲು ಇಟ್ಟಿಗೆ ಚೂರು, ಗಾರೆಯಿಂದ ಮುಚ್ಚಿಸಿ. ಗಾಳಿಯಾಡಲು ಎದುರು ಬದಿಯ ಸಂದು ಇರಲಿ.

ಇನ್ನು ಯಂತ್ರದ ಮಾತು. ಹಣ ಸುರಿಯುವ ಮೊದಲು ಸದ್ದು ಎಲ್ಲಿ ಹುಟ್ಟುತ್ತದೆಂದು ತಿಳಿಯಲು ಹದಿನೈದು ನಿಮಿಷ ಸಾಕು.

ಸ್ವಿಚ್ ಆಫ್ ಮಾಡಿ ಕಿವಿಗೊಡಿ. ಕರೆಂಟು ಹೋದ ಆ ಕ್ಷಣದಲ್ಲೇ ನಿಂತದ್ದು ಮೋಟಾರಿನ ವಿದ್ಯುತ್ ಗುಂಯ್‌ಗಾಟ. ಚಕ್ರ ನಿಧಾನವಾದಂತೆ ಇಳಿಯುತ್ತ ಹೋದದ್ದು ಇಂಪೆಲ್ಲರ್ (ಗಾಳಿ ಎಳೆಯುವ ರೆಕ್ಕೆಚಕ್ರ) ಮತ್ತು ಗಾಳಿಯ ಸದ್ದು. ಎಲ್ಲೋ ನಡುವೆ ಒಂದು ವೇಗದಲ್ಲಿ ಮಾತ್ರ ಗಡಗಡ ಎಂದು ಅದುರಿ ಮತ್ತೆ ಸುಮ್ಮನಾದರೆ ಯಾವುದೋ ತಗಡೋ ಕಾಲೋ ಆ ವೇಗಕ್ಕೆ ಕುಣಿಯುತ್ತಿದೆ. ಆಮೇಲೆ ಯಂತ್ರವನ್ನು ಮತ್ತೆ ಆನ್ ಮಾಡಿ, ಹೀರುವ ಬಾಯಿಗೆ ಒಂದು ಹಲಗೆ ಒತ್ತಿ ಹಿಡಿಯಿರಿ. ಸದ್ದು ಚೆನ್ನಾಗಿ ಇಳಿದರೆ ದೋಷ ಪೈಪಿನ ಗಾಳಿಯದು, ಇಳಿಯದಿದ್ದರೆ ಮೋಟಾರ್ ಅಥವಾ ಅದುರಿಕೆಯದು. ಬಾಯಿ ಮುಚ್ಚಿದರೆ ಮೋಟಾರಿಗೆ ಹೊರೆ ಏರುತ್ತದೆ ಎಂದು ಹೆದರುವವರಿದ್ದಾರೆ. ಇಂಥ ಫ್ಯಾನಿನಲ್ಲಿ ನಡೆಯುವುದು ಉಲ್ಟಾ: ಗಾಳಿ ಸಾಗದಿದ್ದಾಗ ಆಂಪಿಯರ್ ಇಳಿಯುತ್ತದೆ, ಪೈಪೇ ಇಲ್ಲದೆ ಬಾಯಿ ತೆರೆದು ಓಡಿಸಿದಾಗ ಏರುತ್ತದೆ. ಕೊನೆಗೆ ಯಂತ್ರದ ಚೌಕಟ್ಟು, ಗೋಡೆ, ಪೈಪು ಒಂದೊಂದನ್ನೂ ಅಂಗೈಯಿಂದ ಒತ್ತಿ. ಕೈಯಿಟ್ಟೊಡನೆ ಸದ್ದು ಬದಲಾದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ.

ಸಾಮಾನ್ಯ ಕಲೆಕ್ಟರಿನ ಮೋಟಾರ್ ನಿಮಿಷಕ್ಕೆ ಸುಮಾರು 2,880 ಸುತ್ತು, ಅಂದರೆ ಸೆಕೆಂಡಿಗೆ 48 ಸುತ್ತು ತಿರುಗುತ್ತದೆ. ಇಂಪೆಲ್ಲರಿಗೆ ಆರು ರೆಕ್ಕೆಗಳಿದ್ದರೆ 288 ಹರ್ಟ್ಸ್‌ನ ಒಂದೇ ಸ್ವರದ ಮೊರೆತ. ಇಷ್ಟು ತಗ್ಗಿನ ಸ್ವರವನ್ನು ತೆಳು ಫೋಮ್ ಹೀರಲಾರದು. ಅದಕ್ಕೆ ತೂಕದ ಗೋಡೆ, ಒಳಗೆ ಕಡಿಮೆಯೆಂದರೆ 50 ಮಿ.ಮೀ. ದಪ್ಪದ, ಕಲ್ಲಿನ ಎಳೆಗಳಿಂದ ಮಾಡಿದ ರಾಕ್‌ವೂಲ್ ಬೇಕು.

ನಿಮ್ಮಲ್ಲಿ ಜಾಗವಿರುವುದರಿಂದ ಶೆಡ್ಡಿನ ಮೂಲೆಯಲ್ಲಿ, ನೆರೆಮನೆಗೆ ದೂರದ ಕಡೆ, ಒಂದು ಗೂಡು ಕಟ್ಟುವುದು ಒಳ್ಳೆಯದು. ಎರಡು ಬದಿಗೆ ಇಟ್ಟಿಗೆ ಗೋಡೆ ಸಿಕ್ಕಿತು, ಉಳಿದ ಎರಡು ಬದಿ ಮತ್ತು ಮುಚ್ಚಳ ನೀವು ಮಾಡಬೇಕು. ಒಳ ಅಳತೆ 1500×900 ಮಿ.ಮೀ., ಎತ್ತರ 2300 ಮಿ.ಮೀ. ಎಂದಿಟ್ಟುಕೊಳ್ಳಿ. ಕಲೆಕ್ಟರಿನ ಚೀಲ ಉಬ್ಬಿದಾಗ ಸುತ್ತ ಒಂದು ಗೇಣಾದರೂ ಜಾಗ ಉಳಿಯುವಂತೆ ಇದನ್ನು ಹೊಂದಿಸಿ. 50×50 ಮಿ.ಮೀ. ರೀಪರಿನ ಚೌಕಟ್ಟು ಸಾಕು. ಚೆನ್ನಾಗಿ ಒಣಗಿದ ಸಿಲ್ವರ್ ಓಕ್ ಆದೀತು, ಹಸಿಯದು ತಿರುಚಿ ಸಂದು ಬಿಡುತ್ತದೆ. ಹೊರಗಡೆ 18 ಮಿ.ಮೀ. ಪ್ಲೈ, ಅದರ ಮೇಲೆ 10 ಮಿ.ಮೀ. ಸಿಮೆಂಟ್ ಫೈಬರ್ ಬೋರ್ಡ್. ಎರಡೂ ಸೇರಿ ಚದರ ಮೀಟರಿಗೆ ಸುಮಾರು 25 ಕಿಲೊ ತೂಕ. ಜಿಪ್ಸಂ ಬೋರ್ಡ್ ಅಗ್ಗವಾದರೂ ನಮ್ಮ ಮಳೆಗಾಲದ ತೇವಕ್ಕೆ ಮೆತ್ತಗಾಗುತ್ತದೆ. ಪ್ಲೈ ಮೇಲೆ ಐಎಸ್ 710 (ನೀರು ತಡೆಯುವ ಮರೀನ್ ಪ್ಲೈ) ಗುರುತು ನೋಡಿ ಕೊಳ್ಳಿ, ಕೆಳ ಅಂಚು ನೆಲಕ್ಕೆ ತಾಗದಂತೆ ರಬ್ಬರ್ ಪಟ್ಟಿಯ ಮೇಲೆ ಕೂರಿಸಿ. ಅದುರಿಕೆಗೂ ಅದೇ ತಡೆ.

ಹೊಸ ಬದಿಗಳು ಮತ್ತು ಮುಚ್ಚಳಕ್ಕೆ ಸುಮಾರು 7 ಚದರ ಮೀಟರ್ ಬೇಕು, ಅಂದರೆ 8×4 ಅಡಿಯ ಹಾಳೆ ಪ್ಲೈಯಲ್ಲಿ 3, ಸಿಮೆಂಟ್ ಬೋರ್ಡಿನಲ್ಲಿ 3. ಒಳಮೈಗೆ ರಾಕ್‌ವೂಲ್ 12ರಿಂದ 13 ಚದರ ಮೀಟರ್, ಏಕೆಂದರೆ ಇಟ್ಟಿಗೆ ಗೋಡೆಗಳ ಒಳಮುಖಕ್ಕೂ ಹೊದೆಸಬೇಕು. ಘನ ಮೀಟರಿಗೆ 48ರಿಂದ 64 ಕಿಲೊ ಸಾಂದ್ರತೆಯದ್ದು ಕೇಳಿ. ಅದರ ಮೇಲೆ ಗ್ಲಾಸ್ ಕ್ಲಾತ್, ಹಿಡಿದಿಡಲು ಕೋಳಿ ಬಲೆ. ಎಳೆಗಳು ಹಾರದಂತೆ ಈ ಬಟ್ಟೆ ಬೇಕೇ ಬೇಕು, ಆದರೆ ಪ್ಲಾಸ್ಟಿಕ್ ಹಾಳೆಯನ್ನಾಗಲಿ ಪ್ಲೈಯನ್ನಾಗಲಿ ರಾಕ್‌ವೂಲಿನ ಮೇಲೆ ಹೊಡೆದರೆ ಸದ್ದು ಹೀರುವ ಗುಣ ಕುಗ್ಗುತ್ತದೆ.

ಬಾಗಿಲಿನಲ್ಲೇ ಹೆಚ್ಚಿನವರು ಸೋಲುವುದು. ಚೌಕಟ್ಟಿಗೆ ಎರಡು ಮೆಟ್ಟಿಲಿನ ಕಚ್ಚು ತೆಗೆದು, ಎರಡಕ್ಕೂ ಕಾರಿನ ಬಾಗಿಲಿಗೆ ಬಳಸುವ ರಬ್ಬರ್ ಬೀಡಿಂಗ್ ಹಾಕಿ. ಚಿಲಕ ಹಾಕಿದಾಗ ಬೀಡಿಂಗ್ ಒತ್ತಿಕೊಳ್ಳಬೇಕು. ಪರೀಕ್ಷೆ ಸುಲಭ: ನ್ಯೂಸ್‌ಪೇಪರಿನ ಪಟ್ಟಿ ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ, ಸಲೀಸಾಗಿ ಜಾರಿ ಬಂದಲ್ಲಿ ಸದ್ದೂ ಜಾರುತ್ತದೆ. ಪೈಪು ಗೂಡಿನೊಳಗೆ ಹೋಗುವ ತೂತನ್ನು ಪೈಪಿಗಿಂತ 20 ಮಿ.ಮೀ. ದೊಡ್ಡದು ಮಾಡಿ, ಸುತ್ತ ಹಳೆ ಲಾರಿ ಟ್ಯೂಬಿನ ಪಟ್ಟಿ ತುರುಕಿ, ಸಿಲಿಕಾನಿನಿಂದ ಮುಚ್ಚಿ. ಪೈಪು ಮರಕ್ಕೆ ನೇರ ತಾಗಿದರೆ ಗೂಡೇ ವೀಣೆಯ ಬುರುಡೆಯಾಗುತ್ತದೆ.

ಇದಿಷ್ಟನ್ನೂ ಸರಿಯಾಗಿ ಮಾಡಿದರೆ 15ರಿಂದ 20 ಡೆಸಿಬೆಲ್ ಇಳಿತ ಸಿಗಬೇಕು. 10 ಇಳಿದರೇ ಕಿವಿಗೆ ಅರ್ಧದಷ್ಟಾದಂತೆ ಕೇಳುತ್ತದೆ. ಗಾಳಿ ಹೊರಬರುವ ದಾರಿಯ ಅಳತೆ ಮುಂದಿನ ಉತ್ತರದಲ್ಲಿದೆ, ಅದನ್ನು ಓದದೆ ಗೂಡು ಕಟ್ಟಬೇಡಿ.

ಪ್ರಶ್ನೆ: 1.5 ಎಚ್‌ಪಿ ಕಲೆಕ್ಟರಿಗೆ ಪ್ಲೈ ಪೆಟ್ಟಿಗೆ ಮಾಡಿ ಮುಚ್ಚಿದೆ. ಸದ್ದು ತುಂಬ ಇಳಿಯಿತು. ಆದರೆ 20 ನಿಮಿಷಕ್ಕೆ ಮೋಟಾರ್ ಟ್ರಿಪ್ ಆಗುತ್ತದೆ, ಹೀರುವುದೂ ಕಮ್ಮಿ. ಹಿಂದುಗಡೆ ಗಾಳಿ ಹೋಗಲು 4 ಇಂಚಿನ ತೂತು ಬಿಟ್ಟಿದ್ದೇನಲ್ಲ?
—ಪೊನ್ನಂಪೇಟೆ

ಉತ್ತರ: ಆ ತೂತೇ ಸಾಲದು. ನಿಮ್ಮ ಯಂತ್ರ ಗಂಟೆಗೆ 850 ಘನ ಮೀಟರ್ ಗಾಳಿ ಎಳೆಯುತ್ತದೆ ಎಂದುಕೊಳ್ಳೋಣ. ಚೀಲದಿಂದ ಹೊರಬಂದ ಅಷ್ಟೂ ಗಾಳಿ ಪೆಟ್ಟಿಗೆ ಬಿಡಬೇಕು. 4 ಇಂಚಿನ ತೂತಿನ ವಿಸ್ತಾರ 81 ಚದರ ಸೆಂಟಿಮೀಟರ್, ಅದರಲ್ಲಿ ಹೊರಡಲು ಸೆಕೆಂಡಿಗೆ 29 ಮೀಟರ್ ವೇಗ ಬೇಕು. ಫ್ಯಾನಿಗೆ ಅಷ್ಟು ದಮ್ಮಿಲ್ಲ. ಪೆಟ್ಟಿಗೆ ಒಳಗೊಳಗೇ ಉಬ್ಬಿ ನಿಲ್ಲುತ್ತದೆ, ಹೀರಿಕೆ ಬೀಳುತ್ತದೆ, ಮೋಟಾರಿನ ತಂಪು ಫ್ಯಾನು ತಾನೇ ಬಿಟ್ಟ ಬಿಸಿ ಗಾಳಿಯನ್ನು ಮತ್ತೆ ಮತ್ತೆ ಸುತ್ತಿಸುತ್ತದೆ.

ಹೊರದಾರಿಯಲ್ಲಿ ಗಾಳಿ ಸೆಕೆಂಡಿಗೆ 2 ಮೀಟರಿಗಿಂತ ಜೋರಾಗಿ ಹರಿಯಬಾರದು. ಆ ಲೆಕ್ಕಕ್ಕೆ ನಿಮಗೆ ಬೇಕಾದದ್ದು 1,180 ಚದರ ಸೆಂಟಿಮೀಟರ್, ಅಂದರೆ 30×40 ಸೆಂ.ಮೀ. ತೆರಪು. ಈಗಿರುವುದರ ಹದಿನೈದು ಪಟ್ಟು. 2 ಎಚ್‌ಪಿಯ ಸುಂಟಿಕೊಪ್ಪದವರು 30×45 ಸೆಂ.ಮೀ. ಇಟ್ಟುಕೊಳ್ಳಲಿ.

ಇಷ್ಟು ದೊಡ್ಡ ಕಿಟಕಿ ಕೊರೆದರೆ ಸದ್ದೂ ಅಲ್ಲಿಂದಲೇ ಹೋಗುವುದಿಲ್ಲವೇ? ನೇರ ಕಿಟಕಿಯಾದರೆ ಹೋಗುತ್ತದೆ. ಅದಕ್ಕೇ ದಾರಿಯನ್ನು ಅಂಕುಡೊಂಕು ಮಾಡಬೇಕು. ಪೆಟ್ಟಿಗೆಯ ಹೊರಮೈಗೆ ಉದ್ದನೆಯ ಇನ್ನೊಂದು ಪ್ಲೈ ಡಬ್ಬಿ ಕೂರಿಸಿ: ಒಳಗಿನಿಂದ ತೆರಪು ಕೆಳಗಡೆ, ಶೆಡ್ಡಿನ ಕಡೆಗೆ ತೆರಪು ಮೇಲ್ಗಡೆ, ನಡುವೆ ಕನಿಷ್ಠ 900 ಮಿ.ಮೀ. ಪ್ರಯಾಣ, ಎರಡು ಕಡೆ ಲಂಬ ತಿರುವು. ಒಳಮೈಗೆಲ್ಲ 50 ಮಿ.ಮೀ. ರಾಕ್‌ವೂಲ್. ಹೇಳಿದ 30×40 ಅಳತೆ ರಾಕ್‌ವೂಲ್ ಹೊದೆಸಿದ ಮೇಲೆ ಉಳಿಯುವ ತೆರಪಿನದು. ಪ್ಲೈ ಕತ್ತರಿಸುವಾಗ ಇದನ್ನು ಮರೆತು ಕೊನೆಗೆ 20×30 ಉಳಿಸಿಕೊಳ್ಳುವುದು ಸಾಮಾನ್ಯ ತಪ್ಪು. ಹೊರ ಬಾಯಿಯಲ್ಲಿ ಟಾರ್ಚ್ ಹಿಡಿದರೆ ಒಳಗಿನ ಯಂತ್ರ ಕಾಣಬಾರದು. ದಾರಿ ಹೀಗೆ ತಿರುಗಿದರೆ ಸದ್ದು ಬಡಿದಲ್ಲೆಲ್ಲ ರಾಕ್‌ವೂಲಿಗೆ ಒಂದಿಷ್ಟು ಕಳೆದುಕೊಳ್ಳುತ್ತದೆ.

ಸಾಕೆಟ್ಟಿನಲ್ಲಿ ಯಂತ್ರ ಓಡುವಾಗಲೇ ವೋಲ್ಟೇಜ್ ನೋಡಿ. ತೋಟದ ಲೈನಿನ ಕೊನೆಯ ಮನೆಗಳಲ್ಲಿ ಸಂಜೆ 200ಕ್ಕಿಂತ ಕೆಳಗೆ ಬೀಳುವುದುಂಟು. ಆಗ ಅದೇ ಕೆಲಸಕ್ಕೆ ಮೋಟಾರ್ ಹೆಚ್ಚು ಆಂಪಿಯರ್ ಎಳೆದು ಕಾಯುತ್ತದೆ, ಗುಂಯ್‌ಗಾಟವೂ ಏರುತ್ತದೆ. ತೆಳು ಎಕ್ಸ್‌ಟೆನ್ಷನ್ ವೈರ್ ಬಿಟ್ಟು 2.5 ಚದರ ಮಿ.ಮೀ. ತಾಮ್ರದ ವೈರ್ ನೇರ ಎಳೆಸಿ. ಮುಚ್ಚಿದ ಪೆಟ್ಟಿಗೆಯಲ್ಲಿರುವ ಮೋಟಾರಿಗೆ ಪಂಪ್‌ಸೆಟ್ಟಿಗೆ ಹಾಕುವಂಥ ಓವರ್‌ಲೋಡ್ ರಿಲೇ (ಹೊರೆ ಮೀರಿದರೆ ಕರೆಂಟು ಕಡಿಯುವುದು) ಇರುವ ಸ್ಟಾರ್ಟರ್ ಹಾಕಿ, ರಿಲೇಯನ್ನು ಮೋಟಾರ್ ಫಲಕದ ಆಂಪಿಯರಿಗೆ ಹೊಂದಿಸಿ. ಟ್ರಿಪ್ ಆಗುವುದು ಯಂತ್ರದ ಹಠವೆಂದು ರಿಲೇಯನ್ನು ಮೇಲಕ್ಕೆ ತಿರುಗಿಸಬೇಡಿ. ಹೊಟ್ಟು ತುಂಬಿದ ಮರದ ಪೆಟ್ಟಿಗೆಯೊಳಗೆ ಕಾದ ಮೋಟಾರ್ ಆಟದ ವಸ್ತುವಲ್ಲ.

ಪ್ರಶ್ನೆ: ಹಳೆ ಮನೆ, ಮಹಡಿಯ ನೆಲ ಮರದ್ದು. ವರ್ಕ್‌ಶಾಪ್ ಮೇಲಿದೆ. ಮೇಲೆ ಸದ್ದು ಸಹಿಸಬಹುದು, ಕೆಳಗಿನ ಕೋಣೆಯಲ್ಲಿ ಮಾತ್ರ ಲಾರಿ ನಿಂತು ಗುರುಗುಟ್ಟಿದ ಹಾಗೆ. ರಬ್ಬರ್ ಮ್ಯಾಟ್ ಹಾಸಿಯೂ ಪ್ರಯೋಜನವಾಗಲಿಲ್ಲ.
—ಮಡಿಕೇರಿ

ಉತ್ತರ: ಕೆಳಗೆ ಕೇಳುತ್ತಿರುವುದು ಮೋಟಾರಿನ ಅದುರಿಕೆ. ತೊಲೆ, ಜಂತೆ, ಹಲಗೆ ಸೇರಿ ನಿಮ್ಮ ನೆಲವೇ ಚಂಡೆಯ ಮುಚ್ಚಿಗೆಯಾಗಿದೆ. ಇಡೀ ಮ್ಯಾಟ್ ಹಾಸಿದಾಗ ಯಂತ್ರದ ಭಾರ ಅಗಲಕ್ಕೆ ಹಂಚಿಹೋಗಿ ರಬ್ಬರ್ ಕುಗ್ಗುವುದೇ ಇಲ್ಲ. ಕುಗ್ಗದ ರಬ್ಬರಿಗೂ ಕಲ್ಲಿಗೂ ವ್ಯತ್ಯಾಸವಿಲ್ಲ.

ಸೆಕೆಂಡಿಗೆ 48 ಸಲದ ಅದುರಿಕೆ ನಿಲ್ಲಬೇಕಾದರೆ ಭಾರ ಬಿದ್ದಾಗ ಪ್ಯಾಡು ಕನಿಷ್ಠ 1 ಮಿ.ಮೀ. ಇಳಿಯಬೇಕು. ಆಗ ಅದರ ಸಹಜ ಕಂಪನ ಸೆಕೆಂಡಿಗೆ 16ರ ಆಸುಪಾಸಿಗೆ, ಅಂದರೆ ಮೋಟಾರಿನದರ ಮೂರನೇ ಒಂದಕ್ಕೆ ಬರುತ್ತದೆ. ಲೆಕ್ಕದಲ್ಲಿ ಎಂಟರಲ್ಲಿ ಏಳು ಪಾಲು ಅದುರಿಕೆ ಮೇಲೆಯೇ ಉಳಿಯುತ್ತದೆ. ರಬ್ಬರು ಅದುರುವಾಗ ತುಸು ಬಿಗಿಯಾಗುವುದರಿಂದ ಒಂದೂವರೆ ಮಿ.ಮೀ. ಇಳಿದರೆ ಒಳ್ಳೆಯದು. 60 ಕಿಲೊ ಯಂತ್ರಕ್ಕೆ ನಾಲ್ಕು ಪ್ಯಾಡಾದರೆ ಒಂದೊಂದರ ಮೇಲೆ 15 ಕಿಲೊ. ಗೀರುಗಳಿರುವ 12 ಮಿ.ಮೀ. ರಬ್ಬರನ್ನು 50×50 ಮಿ.ಮೀ. ಕತ್ತರಿಸಿ ಇಟ್ಟು, ಭಾರ ಹಾಕುವ ಮೊದಲು ಮತ್ತು ನಂತರ ವರ್ನಿಯರ್ ಕ್ಯಾಲಿಪರಿನಲ್ಲಿ ದಪ್ಪ ಅಳೆಯಿರಿ. ಇಳಿತ ಸಾಲದಿದ್ದರೆ ತುಂಡನ್ನು ಚಿಕ್ಕದು ಮಾಡಿ, ಇಲ್ಲವೇ ಎರಡು ಪದರ ಇಟ್ಟು ನಡುವೆ ತಗಡಿನ ಚೂರು ಹಾಕಿ. ಮೋಟಾರಿರುವ ಬದಿ ಭಾರ ಹೆಚ್ಚು, ಅಲ್ಲಿನ ಪ್ಯಾಡು ದೊಡ್ಡದಿರಲಿ.

ಇನ್ನೂ ಚೆನ್ನಾಗಿ ಆಗಬೇಕೆಂದರೆ 600×600×50 ಮಿ.ಮೀ. ಕಾಂಕ್ರೀಟ್ ಚಪ್ಪಡಿಯೊಂದನ್ನು ಪ್ಯಾಡುಗಳ ಮೇಲಿಟ್ಟು ಅದರ ಮೇಲೆ ಯಂತ್ರ ಕೂರಿಸಿ. ಚಪ್ಪಡಿಯೇ 40 ಕಿಲೊ ತೂಗುತ್ತದೆ, ಹೊರಲು ಇಬ್ಬರು ಬೇಕು. ಇಡುವ ಜಾಗ ತೊಲೆಯ ಮೇಲೆ, ಗೋಡೆಗೆ ಆದಷ್ಟು ಹತ್ತಿರ. ಜಂತೆಗಳ ನಡುಭಾಗದಲ್ಲಿ ಇಟ್ಟರೆ ನೆಲವೇ ಸ್ಪ್ರಿಂಗಾಗಿ ಎಲ್ಲ ಲೆಕ್ಕ ಕೆಡುತ್ತದೆ. ಯಂತ್ರದ ಜೊತೆ ಬಂದ ಉರುಳು ಚಕ್ರಗಳನ್ನು ಬಿಚ್ಚಿಡಿ. ಕಲೆಕ್ಟರಿಗೂ ಪಿವಿಸಿ ಪೈಪಿಗೂ ನಡುವೆ ಒಂದಡಿ ಬಳುಕುವ ಹೋಸ್ ಇರಲಿ, ಇಲ್ಲದಿದ್ದರೆ ನೆಲಕ್ಕೆ ಇಳಿಯದ ಅದುರಿಕೆ ಪೈಪಿನ ಕ್ಲಾಂಪಿನಿಂದ ಗೋಡೆಗೆ ಇಳಿಯುತ್ತದೆ.

ಪ್ರಶ್ನೆ: ಪೈಪಿನಿಂದ ಕೊಳಲಿನಂಥ ಸೀಟಿ ಬರುತ್ತದೆ. ಥಿಕ್‌ನೆಸರ್ (ಹಲಗೆ ಹೆರೆದು ದಪ್ಪ ಸಮ ಮಾಡುವ ಯಂತ್ರ) ಕಡೆಯ ಪೈಪಿನ ಗಾಳಿ ತಡೆಯುವ ಗೇಟ್ ಅರ್ಧ ತೆರೆದಾಗ ಜೋರು.
—ಗೋಣಿಕೊಪ್ಪ

ಉತ್ತರ: ಗೇಟನ್ನು ಅರ್ಧ ತೆರೆಯುವ ಅಭ್ಯಾಸ ಬಿಡಿ. ಪೂರ್ತಿ ತೆರೆಯಿರಿ, ಇಲ್ಲವೇ ಪೂರ್ತಿ ಮುಚ್ಚಿ. ಚೂಪು ಅಂಚಿನ ಸಂದಿನಲ್ಲಿ ಗಾಳಿ ನುಗ್ಗಿದಾಗ ಸೀಟಿ ಹುಟ್ಟುತ್ತದೆ. ಮುಚ್ಚಿದಾಗಲೂ ಸೀಟಿಯಿದ್ದರೆ ತಟ್ಟೆಯ ಜಾಡಿನಲ್ಲಿ ಹೊಟ್ಟು ಗಟ್ಟಿಯಾಗಿ ಕೂತು ತಟ್ಟೆ ಕೊನೆ ಮುಟ್ಟುತ್ತಿಲ್ಲ. ಜಾಡಿನ ತುದಿಯನ್ನು ಕೊರೆದು ಬಯಲು ಮಾಡಿದರೆ ಹೊಟ್ಟು ತಾನೇ ಹೊರಬೀಳುತ್ತದೆ. ಲಂಬವಾಗಿ ತಿರುಗುವ ಎಲ್ಬೋ ಜಾಗದಲ್ಲಿ 45 ಡಿಗ್ರಿಯ ಎರಡು ಬೆಂಡ್ ಹಾಕಿ. ಏಣುಗಳಿರುವ ಹೋಸನ್ನು ಯಂತ್ರದ ಹತ್ತಿರ ಮೂರು ಅಡಿಗಿಂತ ಹೆಚ್ಚು ಬಿಡಬೇಡಿ, ಅದರ ಒಳ ಏಣುಗಳೂ ಹಾಡುತ್ತವೆ. ಪೈಪಿನ ಅಳತೆಯನ್ನೂ ನೋಡಿ: 4 ಇಂಚಿನ ಪೈಪಿನಲ್ಲಿ ಸೆಕೆಂಡಿಗೆ 20 ಮೀಟರ್ ವೇಗಕ್ಕೆ ಗಂಟೆಗೆ ಸುಮಾರು 580 ಘನ ಮೀಟರ್ ಸಾಗುತ್ತದೆ, 6 ಇಂಚಿನದರಲ್ಲಿ 1,310. ದೊಡ್ಡ ಯಂತ್ರದ ಇಡೀ ಹರಿವನ್ನು 4 ಇಂಚಿಗೆ ತುರುಕಿದರೆ ಮೊರೆತ ಖಚಿತ. ಪ್ಲಂಬಿಂಗ್ ಅಂಗಡಿಯ 160 ಮಿ.ಮೀ. ಪೈಪನ್ನು ಮುಖ್ಯ ದಾರಿಗೂ 110 ಮಿ.ಮೀ. ಪೈಪನ್ನು ಕವಲುಗಳಿಗೂ ಹಾಕಿ. ಇದಕ್ಕಿಂತ ದೊಡ್ಡದೂ ಬೇಡ. ವೇಗ ಬಿದ್ದರೆ ಚಕ್ಕೆ ಪೈಪಿನಲ್ಲೇ ಮಲಗುತ್ತದೆ.

ಪ್ರಶ್ನೆ: ಯಂತ್ರವನ್ನೇ ಹೊರಗೆ, ಗೋಡೆಗೆ ತಾಗಿದ ಚಾವಡಿಯಲ್ಲಿ ಇಟ್ಟೆ. ಒಳಗೆ ಈಗ ಸುಖ. ಆದರೆ ಮಳೆಗಾಲದಲ್ಲಿ ಚೀಲಕ್ಕೆ ಬೂಸ್ಟು ಬಂದು ಹೀರುವುದೇ ನಿಂತಿತು. ಇನ್ನೊಂದು: ಯಂತ್ರ ಹಾಕಿದರೆ ಬಚ್ಚಲ ಒಲೆಯ ಹೊಗೆ ಮನೆಯೊಳಗೆ ಬರುತ್ತದೆ.
—ಸೋಮವಾರಪೇಟೆ

ಉತ್ತರ: ಎರಡನೆಯದನ್ನು ಇವತ್ತೇ ಸರಿಪಡಿಸಿ. ಗಂಟೆಗೆ 1,000 ಘನ ಮೀಟರ್ ಎಳೆಯುವ ಯಂತ್ರ 12×14 ಅಡಿಯ ಕೋಣೆಯ ಅಷ್ಟೂ ಗಾಳಿಯನ್ನು ಎರಡೂವರೆ ನಿಮಿಷಕ್ಕೊಮ್ಮೆ ಹೊರಗೆ ಹಾಕುತ್ತದೆ. ಬದಲಿ ಗಾಳಿ ಎಲ್ಲಿಂದಾದರೂ ಬರಲೇಬೇಕು, ಕಿಟಕಿ ಬಾಗಿಲು ಮುಚ್ಚಿದ್ದರೆ ಹಂಡೆ ಒಲೆಯ ಹೊಗೆಕೊಳವೆಯಿಂದ ಬರುತ್ತದೆ. ಹೊಗೆಯ ಜೊತೆ ಕಾರ್ಬನ್ ಮೊನಾಕ್ಸೈಡ್ ಕೂಡ ಇಳಿಯುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಒಲೆಯಲ್ಲಿ ಕೆಂಡ ಇರುವಷ್ಟು ಹೊತ್ತು ಯಂತ್ರ ಹಾಕಬೇಡಿ. ವರ್ಕ್‌ಶಾಪಿಗೂ ಮನೆಗೂ ನಡುವಿನ ಬಾಗಿಲಿಗೆ ಬೀಡಿಂಗ್ ಹಾಕಿ, ವರ್ಕ್‌ಶಾಪಿಗೆ ಹೊರಗಿನಿಂದಲೇ 30×45 ಸೆಂ.ಮೀ.ನ ಗಾಳಿದಾರಿ ಕೊಡಿ. ಹಿಂದೆ ಹೇಳಿದ ಅಂಕುಡೊಂಕು ಡಬ್ಬಿ ಇಲ್ಲಿಗೂ ಸರಿ. ಚಾವಡಿಯ ಸೋಸಿದ ಗಾಳಿ ಅದೇ ಡಬ್ಬಿಯಿಂದ ವರ್ಕ್‌ಶಾಪಿಗೆ ಮರಳುವಂತೆ ಮಾಡಿದರೆ ತೊಂದರೆಯೇ ಇಲ್ಲ, ಆದರೆ ಆಗ ಸಾದಾ ಬಟ್ಟೆ ಚೀಲ ಸಾಲದು. ಅದರಿಂದ ನುಣ್ಣನೆಯ ಪುಡಿ ತೂರಿ ಬರುತ್ತದೆ. ಮಡಿಕೆ ಮಡಿಕೆಯ ಕಾರ್ಟ್ರಿಜ್ ಫಿಲ್ಟರ್ ಹಾಕಿಸಿ.

ಬೂಸ್ಟಿಗೆ ಕಾರಣ ಚೀಲದಲ್ಲೇ ಬಿಟ್ಟ ಹೊಟ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಗಾಳಿಯ ತೇವವನ್ನು ಅದು ಹೀರಿಕೊಂಡು ಬಟ್ಟೆಗೆ ರೊಟ್ಟಿಯಂತೆ ಅಂಟುತ್ತದೆ. ಮಳೆಗಾಲದಲ್ಲಿ ಕೆಳಚೀಲವನ್ನು ದಿನವೂ ಖಾಲಿ ಮಾಡಿ, ಮೇಲ್ಚೀಲವನ್ನು ಕೈಯಿಂದ ತಟ್ಟಿ ಉದುರಿಸಿ, ವಾರಗಟ್ಟಲೆ ಕೆಲಸವಿಲ್ಲದಿದ್ದರೆ ಬಿಚ್ಚಿ ಒಳಗಿಡಿ. ಹಸಿ ಸಿಲ್ವರ್ ಓಕ್ ಕೊಯ್ದ ದಿನವಂತೂ ಇದನ್ನು ತಪ್ಪಿಸಬೇಡಿ. ಒಣಗಲೆಂದು ಒಲೆಯ ಮೇಲಿನ ಅಟ್ಟಕ್ಕೆ ಹಾಕುವುದು ಅಪಾಯ. ಚಾವಡಿಯ ಗಾಳಿ ಬೀಸುವ ಬದಿಗೆ ಸಿಮೆಂಟ್ ಬೋರ್ಡ್ ಮರೆ ಕಟ್ಟಿ. ತಗಡಿನ ಮರೆ ಕಟ್ಟಿದರೆ ಅದೂ ಮೊರೆಯಲು ಶುರುಮಾಡುತ್ತದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ತಗಡಿನ ಮೇಲೆ ಬೀಳುವಾಗ ಯಾವ ಯಂತ್ರದ ಸದ್ದೂ ನೆರೆಯವರಿಗೆ ಕೇಳಿಸದು, ನಿಜ. ಆದರೆ ಉಳಿದ ತಿಂಗಳುಗಳಿವೆಯಲ್ಲ.

ಪ್ರಶ್ನೆ: ಕಲೆಕ್ಟರ್ ಇಲ್ಲ, 1,200 ವಾಟಿನ ವ್ಯಾಕ್ಯೂಮ್ ಕ್ಲೀನರಿಗೆ ಸೈಕ್ಲೋನ್ (ಗಾಳಿಯನ್ನು ಸುತ್ತಿಸಿ ಹೊಟ್ಟು ಬೇರೆ ಮಾಡುವ ಡಬ್ಬಿ) ಜೋಡಿಸಿದ್ದೇನೆ. ಅದರ ಕೀಚು ಸದ್ದು ತಲೆನೋವು. ಸೀಲಿಂಗ್ ಫ್ಯಾನಿನ ರೆಗ್ಯುಲೇಟರ್ ಹಾಕಿ ವೇಗ ತಗ್ಗಿಸಬಹುದೇ?
—ಕುಶಾಲನಗರ

ಉತ್ತರ: ಸೀಲಿಂಗ್ ಫ್ಯಾನಿನ ರೆಗ್ಯುಲೇಟರ್ ಸುಟ್ಟುಹೋಗುತ್ತದೆ, ಅದು ನೂರು ವಾಟಿನ ಆಸುಪಾಸಿನ ಫ್ಯಾನಿಗೆ ಮಾಡಿದ್ದು. ವ್ಯಾಕ್ಯೂಮಿನ ಬ್ರಷ್ ಮೋಟಾರಿಗೆ 2,000 ವಾಟಿನ ಎಲೆಕ್ಟ್ರಾನಿಕ್ ಡಿಮ್ಮರ್ ಹೊಂದುತ್ತದೆ. ಆದರೆ ವೇಗ ಇಳಿಸಿದರೆ ಹೀರಿಕೆಯೂ ಇಳಿಯುತ್ತದೆ, ಸ್ಯಾಂಡರಿಗೆ ಸಾಕಾದೀತು, ಗರಗಸಕ್ಕೆ ಸಾಲದು. ಪೆಟ್ಟಿಗೆ ಮಾಡುವುದೇ ಮೇಲು. ಕೀಚು ಸ್ವರ ತಡೆಯುವುದು ಕಲೆಕ್ಟರಿನ ಮೊರೆತ ತಡೆಯುವುದಕ್ಕಿಂತ ಸುಲಭ. 18 ಮಿ.ಮೀ. ಪ್ಲೈ, ಒಳಗೆ 25 ಮಿ.ಮೀ. ರಾಕ್‌ವೂಲ್ ಸಾಕು. ಹೆಚ್ಚಿನ ವೆಟ್-ಡ್ರೈ ವ್ಯಾಕ್ಯೂಮ್‌ಗಳಲ್ಲಿ ಮೋಟಾರ್ ತಂಪಿಗೆ ಬೇರೆಯೇ ಗಾಳಿ ಎಳೆಯುತ್ತದೆ. ಹಾಗಾಗಿ ಒಳಗೆ ಬರುವ ದಾರಿ ಒಂದು, ಹೊರಹೋಗುವ ದಾರಿ ಒಂದು ಬೇಕು, ಒಂದೊಂದೂ 15×22 ಸೆಂ.ಮೀ.ಗೆ ಕಡಿಮೆಯಿಲ್ಲದಂತೆ, ಎದುರುಬದುರು ಬದಿಗಳಲ್ಲಿ. ಹತ್ತಿರ ಹತ್ತಿರ ಇಟ್ಟರೆ ಬಿಸಿಯೇ ಒಳಗೆ ವಾಪಸ್. ಮೊದಲ ದಿನ ಅರ್ಧ ಗಂಟೆ ಓಡಿಸಿ ಪೆಟ್ಟಿಗೆ ತೆರೆದು ಮುಟ್ಟಿ ನೋಡಿ.

ಓಡುತ್ತಿರುವಾಗ ಕೀಚು ಇದ್ದಕ್ಕಿದ್ದಂತೆ ಇನ್ನೂ ಏರಿದರೆ ಹೋಸ್ ಕಟ್ಟಿದೆ ಅಥವಾ ಫಿಲ್ಟರ್ ತುಂಬಿದೆ ಎಂದರ್ಥ. ಗಾಳಿ ಸಿಗದೆ ಹೊರೆ ಇಳಿದ ಮೋಟಾರ್ ಜೋರಾಗಿ ಸುತ್ತುತ್ತದೆ. ಸೈಕ್ಲೋನಿನ ಕೆಳಗೆ 20 ಲೀಟರ್ ಪೇಂಟ್ ಬಕೆಟ್ ಇಟ್ಟಿದ್ದರೆ ಆ ಗಳಿಗೆಯಲ್ಲಿ ಅದು ಅಪ್ಪಚ್ಚಿಯಾಗಬಹುದು. ಒಂದರೊಳಗೊಂದು ಎರಡು ಬಕೆಟ್ ಇಡಿ.

ಪ್ರಶ್ನೆ: ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಸಾಧನ) ಹಾಕಿ 2 ಎಚ್‌ಪಿ ಕಲೆಕ್ಟರಿನ ವೇಗ ತಗ್ಗಿಸಿದರೆ ಸದ್ದು ಎಷ್ಟು ಇಳಿದೀತು?
—ನಾಪೋಕ್ಲು

ಉತ್ತರ: ಮೋಟಾರ್ ತ್ರೀ ಫೇಸ್ ಆಗಿದ್ದರೆ ಮಾತ್ರ ಈ ಮಾತು. ಕೆಪಾಸಿಟರ್ ಇರುವ ಸಿಂಗಲ್ ಫೇಸ್ ಮೋಟಾರಿಗೆ ಸಾಮಾನ್ಯ ವಿಎಫ್‌ಡಿ ಹಾಕಬಾರದು. ವೇಗವನ್ನು ಶೇ 80ಕ್ಕೆ ಇಳಿಸಿದರೆ ಗಾಳಿ ಶೇ 80, ಒತ್ತಡ ಶೇ 64, ಬಳಕೆಯಾಗುವ ಶಕ್ತಿ ಸುಮಾರು ಅರ್ಧ. ಫ್ಯಾನಿನ ಸದ್ದು 5 ಡೆಸಿಬೆಲ್ ಇಳಿಯುತ್ತದೆ. ಸ್ಯಾಂಡಿಂಗ್‌ಗೆ ಹೀಗೆ ಓಡಿಸಿ, ಥಿಕ್‌ನೆಸರ್ ಹಾಕಿದಾಗ ಪೂರ್ತಿ ವೇಗಕ್ಕೆ ತನ್ನಿ. ಹೇಗಿದ್ದರೂ ಥಿಕ್‌ನೆಸರ್ ತಾನೇ 95 ಡೆಸಿಬೆಲ್ ದಾಟುತ್ತದೆ. ಅದರ ಪಕ್ಕದಲ್ಲಿ 83ರ ಕಲೆಕ್ಟರ್ ಸೇರಿಸುವುದು 0.3 ಡೆಸಿಬೆಲ್ ಮಾತ್ರ. ಆ ಹೊತ್ತಿನಲ್ಲಿ ಕಿವಿ ಉಳಿಸುವುದು ಇಯರ್‌ಮಫ್ ಒಂದೇ. 85 ಡೆಸಿಬೆಲ್‌ನಲ್ಲಿ 8 ಗಂಟೆ ಮಿತಿ ಎಂದಿಟ್ಟುಕೊಂಡು ಪ್ರತಿ 3 ಡೆಸಿಬೆಲ್‌ಗೆ ಅವಧಿಯನ್ನು ಅರ್ಧ ಮಾಡಿದರೆ, 94ಕ್ಕೆ ಬರುವಷ್ಟರಲ್ಲಿ ದಿನಕ್ಕೆ ಒಂದು ಗಂಟೆ ಉಳಿಯುತ್ತದೆ.

ಪ್ರಶ್ನೆ: ಪಕ್ಕದಲ್ಲಿ ಹೋಂಸ್ಟೇ ಇದೆ, ದೂರು ಕೊಡುತ್ತೇವೆ ಎನ್ನುತ್ತಾರೆ. ಕಾನೂನಿನ ಮಿತಿ ಎಷ್ಟು? ಮೊಬೈಲ್ ಆ್ಯಪಿನಲ್ಲಿ ಅಳೆದರೆ ನಂಬಬಹುದೇ?
—ವಿರಾಜಪೇಟೆ

ಉತ್ತರ: 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ ಎಂದರೆ 10ರಿಂದ ಬೆಳಗಿನ 6. ಬಯಲಿನಲ್ಲಿ ದೂರ ದುಪ್ಪಟ್ಟಾದಂತೆಲ್ಲ 6 ಡೆಸಿಬೆಲ್ ಇಳಿಯುತ್ತದೆ: 1 ಮೀಟರಿನಲ್ಲಿ 83 ಇದ್ದರೆ 8 ಮೀಟರಿನಲ್ಲಿ 65. ಅಂದರೆ ತೆರೆದ ಚಾವಡಿಯಲ್ಲಿಟ್ಟ ಯಂತ್ರ ಹಗಲಿನಲ್ಲೂ ಮಿತಿ ಮೀರುತ್ತದೆ. ಸರಿಯಾದ ಗೂಡು ಕಟ್ಟಿದರೆ 50ರ ಒಳಗೆ ಬರುತ್ತದೆ. ಆ್ಯಪ್ ತೋರಿಸುವ ಅಂಕಿ ದೂರಿಗೆ ಪುರಾವೆಯಾಗದು, ಆದರೆ ನಿಮ್ಮ ಕೆಲಸಕ್ಕೆ ಸಾಕು. ಅದೇ ಫೋನು, ಬೇಲಿಯ ಅದೇ ಕಂಬ, ಅದೇ ಎತ್ತರ ಇಟ್ಟುಕೊಂಡು ಪ್ರತಿ ಬದಲಾವಣೆಯ ಮೊದಲು ಮತ್ತು ನಂತರ ಅಳೆದು ವ್ಯತ್ಯಾಸ ಬರೆದಿಡಿ.

ಪ್ರಶ್ನೆ: ಮೂರು ವರ್ಷ ಸುಮ್ಮನಿದ್ದ ಯಂತ್ರ ಹೋದ ವಾರದಿಂದ ಗಡಗಡ ಅನ್ನುತ್ತಿದೆ.
—ಶನಿವಾರಸಂತೆ

ಉತ್ತರ: ಹಾಗಾದರೆ ಪೆಟ್ಟಿಗೆಯ ಯೋಚನೆ ಬೇಡ, ರಿಪೇರಿ ನೋಡಿ. ಪ್ಲಗ್ ಕಿತ್ತು, ಹೀರುವ ಬಾಯಿಯ ಮುಚ್ಚಳ ಬಿಚ್ಚಿ. ರೆಕ್ಕೆಗಳ ಬೆನ್ನಿಗೆ ಹಸಿ ಹೊಟ್ಟು ಒಂದೇ ಕಡೆ ಗಟ್ಟಿಯಾಗಿ ಅಂಟಿದ್ದರೆ ಅಥವಾ ಉದ್ದನೆಯ ಹೆರೆ ಸುತ್ತಿಕೊಂಡಿದ್ದರೆ ಚಕ್ರದ ಸಮತೋಲ ತಪ್ಪುತ್ತದೆ. ಮರದ ಚೂಪಿನಿಂದ ಕೆರೆದು ತೆಗೆಯಿರಿ, ಉಳಿ ಬೇಡ. ರೆಕ್ಕೆ ಬಾಗಿದ್ದರೆ, ಬೆಸುಗೆ ಬಿರುಕು ಬಿಟ್ಟಿದ್ದರೆ ಓಡಿಸಲೇಬೇಡಿ, ಚಕ್ರ ಬದಲಿಸಿ. ಇಂಪೆಲ್ಲರನ್ನು ಶಾಫ್ಟಿಗೆ ಹಿಡಿದಿರುವ ಸ್ಕ್ರೂ ಸಡಿಲವಾಗಿದೆಯೇ ನೋಡಿ. ಆಮೇಲೆ ಕೈಯಿಂದ ಮೆಲ್ಲಗೆ ತಿರುಗಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಮನೆಗೂ ಹಿಡಿಯನ್ನು ಕಿವಿಗೂ ಒತ್ತಿ ಕೇಳಿ. ಮರಳು ಅರೆದಂಥ ಸದ್ದಿದ್ದರೆ ಬೇರಿಂಗ್ ಹೋಗಿದೆ. ನಂಬರ್ ಬೇರಿಂಗಿನ ಮೇಲೇ ಕೆತ್ತಿರುತ್ತದೆ, ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನು ಕೇಳಿ ತನ್ನಿ, ಎರಡೂ ತುದಿಯದನ್ನು ಒಟ್ಟಿಗೇ ಬದಲಿಸಿ. ಕೂರಿಸುವಾಗ ಒಳಬಳೆಗೆ ಸರಿಹೊಂದುವ ಪೈಪ್ ತುಂಡನ್ನಿಟ್ಟು ತಟ್ಟಿ. ಹೊರಬಳೆಗೆ ಸುತ್ತಿಗೆ ಬಿದ್ದರೆ ಹೊಸ ಬೇರಿಂಗೂ ಒಂದೇ ತಿಂಗಳಿಗೆ ಹಳೆಯದರ ರಾಗ ಹಾಡುತ್ತದೆ.